ನೀಲಿ ಟ್ರೇಯಲ್ಲಿ ಹೋದ ಜೋಡಿ

ರಾತ್ರಿ ಒಂದೂ ಮುಕ್ಕಾಲಿಗೆ ದಿಂಬಿನ ಕೆಳಗಿನಿಂದ ‘ಟಿಣ್’ ಎಂದಿತು.

ಚಮಚ ಲೋಟಕ್ಕೆ ತಾಗಿದಷ್ಟೇ ಸಣ್ಣ ಸದ್ದು. ಪಕ್ಕದಲ್ಲಿ ಗೋಡೆ ಬಿದ್ದರೂ ಏಳದ ಸರ್ವರಮ್ಮ ಆ ಸದ್ದಿಗೆ ಮಾತ್ರ ಎದ್ದು ಕೂರುತ್ತಿದ್ದಳು. ಬೆಳಕು ಗಂಡನ ಮುಖಕ್ಕೆ ಬೀಳದಂತೆ ಹೊದಿಕೆಯೊಳಗೆ ತಲೆ ತೂರಿಸಿ ಫೋನ್ ನೋಡಿದಳು. ಕಾರ್ಖಾನೆಯ ಸರ್ವರ್ ಕಂಪ್ಯೂಟರ್ ತನ್ನ ಮಾಮೂಲು ಗೋಳನ್ನು ಒಂದೇ ಸಾಲಿನಲ್ಲಿ ಕಳಿಸಿತ್ತು: ಕೆಲಸ ಹೆಚ್ಚಾಗಿದೆ, ನಿಧಾನವಾಗುತ್ತಿದ್ದೇನೆ.

“ಏನಂತೆ?” ಎಂದ ಗಂಡ, ಕಣ್ಣು ಮುಚ್ಚಿಕೊಂಡೇ.

“ಸುಸ್ತಂತೆ.”

“ನಮಗೂ ಸುಸ್ತೇ. ನಾವು ಯಾರಿಗೆ ಮೆಸೇಜ್ ಕಳ್ಸೋಣ,” ಎಂದು ಅವನು ಗೋಡೆಯ ಕಡೆ ತಿರುಗಿಕೊಂಡ.

ಅವಳ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಕನ್ನಡಕದ ಗಾಜು ಅರೆಯುವ ಆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಸರ್ವರ್ ನೋಡಿಕೊಳ್ಳುತ್ತಿದ್ದ ತಪ್ಪಿಗೆ ಎಲ್ಲರ ಬಾಯಲ್ಲೂ ಸರ್ವರಮ್ಮ ಆಗಿಬಿಟ್ಟಿದ್ದಳು. ಕಣ್ಣಿನ ಡಾಕ್ಟರರು ಬರೆದುಕೊಟ್ಟ ನಂಬರು ಬಂದ ಕೂಡಲೇ, ಗಾಜು ಎಲ್ಲಿ ಎಷ್ಟು ದಪ್ಪ, ಎಷ್ಟು ಬಾಗು ಎಂದು ಲೆಕ್ಕ ಹಾಕಿ ಅರೆಯುವ ಯಂತ್ರಕ್ಕೆ ಹೇಳುವುದು ಆ ಸರ್ವರಿನ ಕೆಲಸ. ಅದಕ್ಕೆ ಈಗ ಹದಿನಾಲ್ಕು ವರ್ಷ. ಮೊದಲು ಒಂದು ಜೋಡಿ ಗಾಜಿಗೆ ಒಂದೂಕಾಲು ನಿಮಿಷ ತೆಗೆದುಕೊಳ್ಳುತ್ತಿದ್ದದ್ದು ಈಗ ಎಂಟು ನಿಮಿಷ ತೆಗೆದುಕೊಳ್ಳುತ್ತಿತ್ತು. ಅರೆಯುವ ಯಂತ್ರದವನು ಕಾಯುತ್ತಾ ಕಾಯುತ್ತಾ ಪದಬಂಧ ಬಿಡಿಸಲು ಕಲಿತು, ಈಗ ವಾರಪತ್ರಿಕೆಯೊಂದಕ್ಕೆ ತಾನೇ ಪದಬಂಧ ಮಾಡಿಕೊಡುವ ಮಟ್ಟಕ್ಕೆ ಬೆಳೆದಿದ್ದ.

ಮೂರು ವಾರದ ಕೆಳಗೆ ಮಾಲೀಕರು ಅವಳನ್ನು ಕರೆದು, ಕೆಟ್ಟ ಸುದ್ದಿ ಹೇಳುವಾಗ ಬಳಸುವ ಮೆತ್ತನೆಯ ದನಿಯಲ್ಲಿ ಹೇಳಿದ್ದರು: “ನೋಡಮ್ಮ, ಈ ಲೆಕ್ಕ ಹಾಕೋ ಕೆಲಸನ ಹೊರಗಿನ ಕಂಪನಿಗೆ ಕೊಟ್ಟುಬಿಡೋಣ. ನೀನು ಪ್ಯಾಕಿಂಗ್ ಮೇಜಿಗೆ ಬಾ. ಸಂಬಳ ಅಷ್ಟೇ ಇರುತ್ತೆ.”

ಸಂಬಳದ ಚಿಂತೆ ಅವಳಿಗಿರಲಿಲ್ಲ. ಚಿಂತೆಯಿದ್ದದ್ದು ಬಾಗಿಲಿನದು. ಸರ್ವರ್ ಇದ್ದ ಕೋಣೆ ಬೀರುವಿಗಿಂತ ಒಂದು ಗೇಣು ದೊಡ್ಡದಿರಬಹುದು, ಆದರೆ ಅದಕ್ಕೊಂದು ಬಾಗಿಲಿತ್ತು, ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ಮನೆಯಲ್ಲಿ ಅತ್ತೆ, ಗಂಡ, ಇಬ್ಬರು ಮಕ್ಕಳು, ಎರಡು ಕೋಣೆ. ಬಚ್ಚಲಿನ ಚಿಲಕ ಕೂಡ ಸಡಿಲ, ಒಳಗಿದ್ದವರು ಹಾಡುತ್ತಲೇ ಇರಬೇಕು. ಈ ಲೋಕದಲ್ಲಿ ಅವಳು ಹಾಕಿಕೊಳ್ಳಬಹುದಾದ ಬಾಗಿಲು ಅದೊಂದೇ. ಪ್ಯಾಕಿಂಗ್ ಮೇಜು ಇದ್ದದ್ದು ಹಜಾರದ ನಟ್ಟನಡುವೆ, ಸಂತೆಯಲ್ಲಿಟ್ಟ ಮಂಚದ ಹಾಗೆ.

ಹಾಗಾಗಿ ಅವಳು, ಜೀವಮಾನದಲ್ಲಿ ಮೊದಲ ಸಲ, ಯೋಚಿಸದೆ ಮಾತಾಡಿದ್ದಳು. “ಸಾರ್, ಅದರೊಳಗೆ ಪ್ರೊಸೆಸರ್ ಕೂರೋಕೆ ಎರಡು ಜಾಗ ಇದೆ. ಲೆಕ್ಕ ಹಾಕೋ ಮಿದುಳು ಅಂತಾರಲ್ಲ, ಅದು. ಇಷ್ಟು ವರ್ಷ ಒಂದೇ ಕೂತಿದೆ, ಇನ್ನೊಂದು ಜಾಗ ಖಾಲಿ. ಅದರದ್ದೇ ಜೋಡಿ ತಂದು ಕೂರಿಸಿದ್ರೆ ಡಬಲ್ ಆಗುತ್ತೆ.”

“ಮೂರು ವಾರ ಕೊಟ್ಟೆ,” ಎಂದಿದ್ದರು ಮಾಲೀಕರು.

ಜೋಡಿ ಎಂದರೆ ಸುಮ್ಮನೆ ಒಂದೇ ಕಂಪನಿಯದ್ದಾದರೆ ಸಾಲದು. ಅದೇ ಮಾದರಿ, ಅದೇ ಸಂಖ್ಯೆ, ಲೋಹದ ಮುಚ್ಚಳದ ಮೇಲೆ ಕೊರೆದ ಸಣ್ಣ ಅಕ್ಷರಗಳಲ್ಲಿ ಕಡೆಯದೂ ಅದೇ ಇರಬೇಕು. ಇಲ್ಲವಾದರೆ ಒಂದರ ಮುಖ ಇನ್ನೊಂದು ನೋಡುವುದಿಲ್ಲ. ಹತ್ತೊಂಬತ್ತು ದಿನ ಹುಡುಕಿ, ಹಳೆಯ ಕಂಪ್ಯೂಟರ್ ಭಾಗ ಮಾರುವಾತನೊಬ್ಬನ ಬಳಿ ಒಂದನ್ನು ಹಿಡಿದಿದ್ದಳು. ಅವನದ್ದು ಒಂದೇ ಕರಾರು: ಕೆಲಸ ಮಾಡದಿದ್ದರೆ ಏಳು ದಿನದೊಳಗೆ ವಾಪಸ್ ಕೊಡಬಹುದು, ಮುಚ್ಚಳದ ಮೇಲಿನ ಅಕ್ಷರ ಮಾತ್ರ ಹಾಗೇ ಇರಬೇಕು. “ಅಕ್ಷರ ಇಲ್ಲದೇ ಇದ್ರೆ ಅದು ನನ್ನ ಮಾಲೇ ಅಲ್ಲ ಅಕ್ಕ.”

ಇಂದು ಆ ಮೂರು ವಾರದ ಕೊನೆಯ ದಿನ. ಎಂಟು ಗಂಟೆಯಾದರೂ ಅವಳು ಹೊಸಿಲು ದಾಟಿರಲಿಲ್ಲ. ಚೀಲ ಮೂರನೆಯ ಸಲ ಬಿಚ್ಚಿ ನೋಡುತ್ತಿದ್ದಳು. ಪ್ರೊಸೆಸರ್, ಅದರ ಮೇಲೆ ಕೂರಿಸುವ ಶಾಖ ಹೀರುವ ಲೋಹದ ಗೂಡು, ಫ್ಯಾನು, ಪ್ರೊಸೆಸರಿಗೂ ಗೂಡಿಗೂ ನಡುವೆ ಹಚ್ಚುವ, ಶಾಖ ದಾಟಿಸುವ ಬೂದು ಬಣ್ಣದ ಪೇಸ್ಟು, ಸ್ಕ್ರೂಡ್ರೈವರು, ಮತ್ತು ನೋಟ್‌ಬುಕ್ಕು. ನೋಟ್‌ಬುಕ್ಕಿನಲ್ಲಿ ಇಪ್ಪತ್ಮೂರು ಹಂತ ಬರೆದು, ಪ್ರತಿ ಹಂತದ ಎದುರು ಆಗಬಹುದಾದ ಅನಾಹುತಗಳನ್ನೂ ಬರೆದಿದ್ದಳು. ಅನಾಹುತಗಳು ಒಟ್ಟು ನಲವತ್ತೊಂದು.

“ಆಯುಧ ಎಲ್ಲ ಕಟ್ಕೊಂಡು ಎಲ್ಲಿಗೆ ಹೊರಟೆ?” ಎಂದರು ಅತ್ತೆ.

“ಆಪರೇಷನ್ ಇದೆ ಅತ್ತೆ.”

“ಯಾರಿಗೆ?”

“ನನಗೇ ಅಂದ್ಕೊಳ್ಳಿ.”

ಒಂಬತ್ತಕ್ಕೆ ಸರ್ವರ್ ನಿಲ್ಲಿಸಿದಳು. ಐದಕ್ಕೆ ಬಂದು ನೋಡುತ್ತೇನೆ ಎಂದು ಮಾಲೀಕರು ಹೇಳಿಯಾಗಿತ್ತು. ಹಿಂದಿನ ದಿನವೇ ಲೆಕ್ಕ ಮುಗಿಸಿದ್ದ ಗಾಜುಗಳು ಸಾಲುಮೇಜುಗಳ ಮೇಲೆ ಓಡಾಡುತ್ತಿದ್ದವು. ತಂತಿ ಕಿತ್ತು, ಉಳಿದ ಕರೆಂಟು ಹೋಗಲೆಂದು ಸ್ವಿಚ್ಚು ಒತ್ತಿ ಮೂವತ್ತು ಎಣಿಸಿ, ನಂಬಿಕೆ ಸಾಲದೆ ಇನ್ನೂ ಮೂವತ್ತು ಎಣಿಸಿ, ಮೇಲ್ಮುಚ್ಚಳ ಜಾರಿಸಿದಳು.

ಒಳಗೆ ಕಂಬಳಿ ಹೊದ್ದು ಯಾರೋ ಮಲಗಿದ್ದರು.

ಮುಚ್ಚಳ ಮತ್ತೆ ಮುಚ್ಚಲು ಹೋದಳು. ಆಮೇಲೆ ತಿಳಿಯಿತು, ಅದು ಧೂಳು. ಹದಿನಾಲ್ಕು ವರ್ಷದ ಗಾಜಿನ ಪುಡಿ, ನುಣ್ಣಗೆ, ಬೂದುಬಣ್ಣಕ್ಕೆ, ಒಂದು ಬೆರಳು ದಪ್ಪ. ಫ್ಯಾನಿನ ರೆಕ್ಕೆಗಳು ತುಪ್ಪಳ ಬೆಳೆಸಿಕೊಂಡಿದ್ದವು. ಯಂತ್ರದ ಹೊರಮೈಯನ್ನು ಅವಳು ದಿನಾ ಬೆಳಗ್ಗೆ ಕನ್ನಡಕ ಒರೆಸುವ ಬಟ್ಟೆಯಿಂದ ಒರೆಸುತ್ತಿದ್ದಳು. ಒಳಗೆ ಮಾತ್ರ ನೋಡಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ಅದರ ಮೇಲೆ ‘ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿದ್ದಳು. ಇಡೀ ಕಾರ್ಖಾನೆಯಲ್ಲಿ ಆ ಚೀಟಿಗೆ ನಿಯತ್ತಾಗಿ ನಡೆದುಕೊಂಡವಳು ಅವಳೊಬ್ಬಳೇ.

ಚಿಲಕ ಹಾಕಿದಳು. ಗಾಜಿನ ಧೂಳು ಊದುವ ರಬ್ಬರ್ ಬುರುಡೆ, ಬಣ್ಣದ ಬ್ರಷ್ಷು ಹಿಡಿದು, ಕದ್ದ ಮಾಲು ಬಚ್ಚಿಡುವವಳಂತೆ ಧೂಳನ್ನೆಲ್ಲ ಪ್ಲಾಸ್ಟಿಕ್ ಕವರಿಗೆ ತುಂಬಿ, ಗಂಟು ಹಾಕಿ, ಚೀಲದ ತಳಕ್ಕೆ ತುರುಕಿದಳು. ಯಾರೂ ನೋಡಲಿಲ್ಲ. ಹಳೆಯ ಪ್ರೊಸೆಸರಿನ ಮೇಲಿನ ಲೋಹದ ಗೂಡನ್ನು ಎತ್ತಿದರೆ ಅದರ ಕೆಳಗಿನ ಪೇಸ್ಟು ಹಳೇ ಗೋಡೆಯ ಗಾರೆಯ ಹಾಗೆ ಪುಡಿಪುಡಿಯಾಗಿ ಉದುರಿತು. ಅದನ್ನೂ ಒರೆಸಿ, ಪ್ರೊಸೆಸರನ್ನು ಎರಡೇ ಬೆರಳಲ್ಲಿ ಅಂಚು ಹಿಡಿದು ತೆಗೆದಳು. ಬಿಸ್ಕತ್ತಿನಷ್ಟೂ ಅಗಲವಿಲ್ಲದ ಲೋಹದ ಚೌಕ, ಕೆಳಗೆಲ್ಲ ಚಿನ್ನದ ಚುಕ್ಕೆ, ಮೇಲೆ ಇರುವೆ ನಡೆದಂಥ ಅಕ್ಷರ. ಓದುಗನ್ನಡಕ ಹಾಕಿಕೊಂಡರೂ ಅವಳ ಕಣ್ಣಿಗೆ ಕಡೆಯ ಅಕ್ಷರ ಒಮ್ಮೆ ಒಂದರಂತೆ, ಒಮ್ಮೆ ಇನ್ನೊಂದರಂತೆ ಕಂಡಿತು.

ಓದಿಸಲು ಜೋಡಿಮಾಮನನ್ನು ಕರೆದಳು.

ಜೋಡಿಮಾಮ ಎಂದರೆ ಕಾರ್ಖಾನೆಯಲ್ಲಿ ಎಡಗಾಜಿಗೂ ಬಲಗಾಜಿಗೂ ತಾಳೆಯಾಗುತ್ತದೆಯೇ ಎಂದು ಪರೀಕ್ಷಿಸುವ ಹಿರಿಯ. ಮೂವತ್ತೊಂದು ವರ್ಷ ಅದೇ ಕೆಲಸ ಮಾಡಿ, ಲೋಕದಲ್ಲಿ ಎಲ್ಲವನ್ನೂ ಜೋಡಿಯಾಗಿಯೇ ನೋಡುವ ಚಟ ಹತ್ತಿಸಿಕೊಂಡಿದ್ದ. ಯಾರಾದರೂ ಒಬ್ಬರೇ ಊಟಕ್ಕೆ ಕೂತರೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದ. ಅವನು ಭೂತಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಒಂದನ್ನು ಓದಿ, ಇನ್ನೊಂದನ್ನು ಓದಿ, ತಲೆದೂಗಿದ.

“ಒಂದೇ ತಾಯಿ ಮಕ್ಕಳು. ಕಡೇ ಅಕ್ಷರವೂ ತಾಳೆ. ಎಲ್ಲಿ ಇಡ್ತೀಯಮ್ಮ ಇದನ್ನ? ಹೀಗೆ ಬರೀ ಮೇಜಿನ ಮೇಲೆ ಬೇಡ, ಗೀರು ಬಿದ್ದೀತು.” ಅವನೇ ಹೋಗಿ ಗಾಜು ಇಡುವ ನೀಲಿ ಟ್ರೇ ತಂದ. ಎರಡು ಗುಳಿ, ಒಳಗೆ ಮೆತ್ತನೆಯ ಬಟ್ಟೆ. ಹಳೆಯದನ್ನು ಬಲಕ್ಕೆ, ಹೊಸದನ್ನು ಎಡಕ್ಕೆ ಇಟ್ಟ.

ಅಷ್ಟರಲ್ಲಿ ಮಾಲೀಕರ ಕರೆ ಬಂತು.

“ಮಾಮ, ಎರಡೇ ನಿಮಿಷ. ಇಲ್ಲೇ ನಿಂತಿರಿ. ನೋಡ್ಕೊಳ್ಳಿ, ಮುಟ್ಟಬೇಡಿ.”

“ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ, ಹೋಗು.”

ಎರಡು ನಿಮಿಷ ನಲವತ್ತಾಯಿತು. ಮಾಲೀಕರಿಗೆ ಒಂದು ಸಂಶಯ ಬಂದಿತ್ತು. “ಹಳೇದರದ್ದೇ ಜೋಡಿ ಯಾಕಮ್ಮ? ಹೊಸಾದು, ಜೋರಾಗಿರೋದು ಒಂದು ಹಾಕಿದ್ರೆ ಆಗಲ್ವಾ?”

“ಆಗಲ್ಲ ಸಾರ್. ಎರಡೂ ಒಂದೇ ಸಮ ಇರಬೇಕು, ಎರಡು ಕಣ್ಣಿನ ಹಾಗೆ.”

“ಕಣ್ಣಿಗೆ ಬೇರೆ ಬೇರೆ ನಂಬರ್ ಇರುತ್ತಲ್ಲಮ್ಮ. ನಾವು ಬದುಕಿರೋದೇ ಅದರ ಮೇಲೆ.”

ಅವಳು ಬೆವರಿದಳು. “ಹಾಗಾದ್ರೆ ಚಪ್ಪಲಿ ಸಾರ್. ಒಂದು ಕಾಲಿಗೆ ಏಳು, ಇನ್ನೊಂದಕ್ಕೆ ಒಂಬತ್ತು ಹಾಕ್ಕೊಂಡು ನಡೆಯೋಕಾಗುತ್ತಾ.”

ಮಾಲೀಕರು ಮೇಜಿನ ಕೆಳಗೆ ತಮ್ಮ ಕಾಲು ನೋಡಿಕೊಂಡರು. ಅವರ ಒಂದು ಪಾದ ಇನ್ನೊಂದಕ್ಕಿಂತ ದೊಡ್ಡದೆಂದೂ, ಚಿಕ್ಕಂದಿನಿಂದ ಅದೇ ಕೊರಗೆಂದೂ ಅವಳಿಗೆ ಅಂದು ತಿಳಿಯಿತು. ಆ ಕಥೆ ಮುಗಿಯುವ ಹೊತ್ತಿಗೆ ಚಹಾದ ಗಂಟೆ ಹೊಡೆದು, ಚಹಾ ಮುಗಿದು, ಮತ್ತೆ ಕೆಲಸದ ಗಂಟೆ ಹೊಡೆದೂ ಇಪ್ಪತ್ತು ನಿಮಿಷವಾಗಿತ್ತು.

ಓಡಿ ಬಂದರೆ ಕೋಣೆಯಲ್ಲಿ ಮಾಮನೂ ಇಲ್ಲ, ಟ್ರೇಯೂ ಇಲ್ಲ.

ಮಾಮ ತನ್ನ ಜಾಗದಲ್ಲಿ ಕೂತು ಗಾಜು ನೋಡುತ್ತಿದ್ದ. “ಚಹಾಕ್ಕೆ ಹೋಗ್ಬೇಕಿತ್ತು. ನಿನ್ನ ಮೇಜಿನ ಮೇಲೆ ಆ ತಗಡಿನ ಮುಚ್ಚಳ ಓರೆಯಾಗಿ ನಿಂತಿತ್ತು, ಜಾರಿ ಟ್ರೇ ಮೇಲೆ ಬಿದ್ರೆ ಅಂತ ಭಯವಾಯ್ತು. ಜೋಪಾನವಾಗಿ ಹೊರಗಿನ ಮೇಜಿನ ಮೇಲೆ ಇಟ್ಟು ಹೋದೆ.”

ಸರ್ವರಮ್ಮ ತಿರುಗಿ ಆ ಮೇಜು ನೋಡಿದಳು, ಅಲ್ಲಿ ಟ್ರೇ ಇರಲಿಲ್ಲ. ಹೊರಗಿನ ಮೇಜು ಎಂದರೆ ಪಾಲಿಶ್‌ಗೆ ಹೋಗುವ ಸಾಲಿನ ಮೊದಲ ಮೇಜು. ಆ ಕಾರ್ಖಾನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ಸಾಲುಮೇಜಿನ ಮೇಲೆ ನೀಲಿ ಟ್ರೇ ಕಂಡರೆ ಅದು ನಿಲ್ಲಬಾರದು. ನಿಮ್ಮ ಕೆಲಸ ಮಾಡಿ, ಮುಂದಿನ ಮೇಜಿಗೆ ತಳ್ಳಿ. ಏನು, ಯಾರದ್ದು ಎಂದು ಕೇಳುತ್ತಾ ಕೂತರೆ ಸಾಲು ನಿಲ್ಲುತ್ತದೆ. ‘ಟ್ರೇ ನಿಂತರೆ ನಿಮ್ಮ ಸಂಬಳವೂ ನಿಲ್ಲುತ್ತದೆ’ ಎಂದು ಮಾಲೀಕರು ಗೋಡೆಯ ಮೇಲೆ ಬರೆಸಿದ್ದರು.

ನೋಟ್‌ಬುಕ್ಕಿನ ನಲವತ್ತೊಂದು ಅನಾಹುತಗಳಲ್ಲಿ ಇದು ಇರಲಿಲ್ಲ.

ಮೊದಲು ಸಿಕ್ಕಿದ್ದು ಪಾಲಿಶ್ ಅಕ್ಕ. ಯಂತ್ರದ ಗದ್ದಲಕ್ಕೆ ಕಿವಿಯಲ್ಲಿ ಹತ್ತಿ ಇಟ್ಟುಕೊಂಡಿದ್ದಳು.

“ಅಕ್ಕಾ, ಇಲ್ಲೊಂದು ಟ್ರೇ ಬಂತಾ? ಚೌಕದ್ದು, ಲೋಹದ್ದು, ಎರಡು?”

“ಬಂತಲ್ಲ. ಮಾಡಿ ಕಳಿಸ್ದೆ.”

“ಏನು ಮಾಡಿ?”

“ಪಾಲಿಶ್ ಮಾಡಿ. ಇನ್ನೇನು ಜಡೆ ಹಾಕ್ಲಾ.” ಅಕ್ಕ ಒಂದು ಕಿವಿಯ ಹತ್ತಿ ತೆಗೆದಳು. “ಮೇಲೆಲ್ಲ ಏನೋ ಗೀಚಿತ್ತು ಕಣೆ. ಮೊದಲ ಸುತ್ತಿಗೆ ಹೋಗ್ಲಿಲ್ಲ, ಎರಡನೇ ಸುತ್ತು ಹಾಕ್ದೆ. ಕನ್ನಡಿ ಆಗ್ಹೋಯ್ತು. ಮಾಲೀಕರ ಹೆಂಡ್ತಿ ಸೀರೆಪಿನ್ನು ತಾನೆ?”

“ಸೀರೆಪಿನ್ನು ಅಂತ ಯಾರು ಹೇಳಿದ್ರು?”

“ಯಾರೂ ಹೇಳ್ಬೇಕಾಗಿಲ್ಲ. ಹೋದ ತಿಂಗಳು ಟ್ರೇಯಲ್ಲಿ ಅವರ ಕೈಗಡಿಯಾರ ಬಂತು. ಅದರ ಹಿಂದಿನ ತಿಂಗಳು ಬಾಗಿಲಿನ ಹಿಡಿಕೆ. ನಾನು ಕೇಳಿದ್ನಾ? ಕೇಳಿದ್ರೆ ‘ಅಷ್ಟೂ ಮಾಡಕ್ಕಾಗಲ್ವಾ’ ಅಂತಾರೆ. ಆಮೇಲೆ ತೊಟ್ಟಿಗೆ ಹಾಕಿ ತೊಳೆದೆ.”

“ತೊಳೆದ್ರಾ.”

“ಗುಳ್ಳೆ ನೀರಲ್ಲಿ ಆರು ನಿಮಿಷ, ಬಿಸಿಗಾಳೀಲಿ ನಾಲ್ಕು ನಿಮಿಷ. ಒಂದು ಕಲೆ ಇಲ್ಲ. ಯಾಕೆ ಹಾಗೆ ಗೋಡೆ ಹಿಡ್ಕೊಂಡೆ? ತಲೆ ಸುತ್ತುತ್ತಾ?”

ಸರ್ವರಮ್ಮ ಗೋಡೆ ಬಿಟ್ಟು ಪ್ಯಾಕಿಂಗ್ ಮೇಜಿಗೆ ಓಡಿದಳು. ಅಲ್ಲಿ ಪ್ಯಾಕಿಂಗ್ ಚಿಕ್ಕಮ್ಮ, ಕಾರ್ಖಾನೆಯ ಸುದ್ದಿಯನ್ನೆಲ್ಲ ಗಾಜಿಗಿಂತ ಮೊದಲು ಪ್ಯಾಕ್ ಮಾಡಿ ಹಂಚುವ ಹೆಂಗಸು, ಪಕ್ಕದ ಸ್ಟೂಲನ್ನು ಸೆರಗಿನಿಂದ ಒರೆಸಿದಳು.

“ಬಾ ಬಾ, ಇವತ್ತೇ ಬಂದ್ಯಾ? ನಾಳೆಯಿಂದ ಅಂದ್ಕೊಂಡಿದ್ದೆ. ಸ್ಟೂಲಿನ ಕಾಲು ಸ್ವಲ್ಪ ಅಲ್ಲಾಡುತ್ತೆ, ಕೆಳಗೆ ಕಾಗದ ಮಡಚಿಟ್ಟಿದ್ದೀನಿ.”

“ಚಿಕ್ಕಮ್ಮಾ, ಎರಡು ಕನ್ನಡಿ ತರದ ಚೌಕ ಬಂತಾ?”

“ಬರದೆ? ಡಬ್ಬಿಗೆ ಹಾಕಿ, ಒರೆಸೋ ಬಟ್ಟೆ ಇಟ್ಟು, ಮುಚ್ಚಿದೆ. ನಂಬರ್ ಚೀಟಿ ಇರ್ಲಿಲ್ಲ. ಅದಕ್ಕೆ ಬಲ ಸೊನ್ನೆ, ಎಡ ಸೊನ್ನೆ ಅಂತ ನಾನೇ ಬರೆದೆ.”

“ಎಲ್ಲಿ?”

ಚಿಕ್ಕಮ್ಮ ಗದ್ದ ಎತ್ತಿ ಗೇಟಿನ ಕಡೆ ತೋರಿಸಿದಳು. ಶಾಲೆಯ ಮಕ್ಕಳಿಗೆಂದು ಹೊರಟ ಪೆಟ್ಟಿಗೆಗಳು ವ್ಯಾನಿಗೆ ಏರುತ್ತಿದ್ದವು. ವ್ಯಾನಿನವನು ಹಾರನ್ ಹೊಡೆಯುತ್ತಿದ್ದ.

ನಲವತ್ತು ವರ್ಷದಲ್ಲಿ ಅವಳು ಓಡಿದ್ದು ಕಡಿಮೆ. ಅಂದು ಓಡಿದ್ದನ್ನು ನೋಡಿದವರು, ಆಸ್ಪತ್ರೆಯಿಂದ ತಪ್ಪಿಸಿಕೊಂಡವರ ಹಾಗಿತ್ತು ಎಂದು ಆಮೇಲೆ ಹೇಳಿದರು: ಒಂದು ಮಣಿಕಟ್ಟಿಗೆ ಯಂತ್ರ ಬಿಚ್ಚುವಾಗ ಕಟ್ಟಿಕೊಂಡಿದ್ದ, ಸ್ಥಾಯೀ ವಿದ್ಯುತ್ ತಡೆಯುವ ಪಟ್ಟಿ, ಅದರಿಂದ ಇಳಿಬಿದ್ದ ಒಂದು ಮೊಳ ಸುರುಳಿ ತಂತಿ. ವ್ಯಾನಿನವನು ಬಾಗಿಲಿಗೆ ಅಡ್ಡ ನಿಂತ. “ಏಳು ಪೆಟ್ಟಿಗೆ, ಇನ್ನೂರ ಹತ್ತು ಡಬ್ಬಿ. ಎಣಿಸಿ ಸಹಿ ಹಾಕಿಯಾಗಿದೆ. ಈಗ ಒಂದು ತೆಗೆದ್ರೆ ಇನ್ನೂರ ಒಂಬತ್ತಾಗುತ್ತೆ.”

“ಅದರಲ್ಲಿ ಕನ್ನಡಕ ಇಲ್ಲ ಅಣ್ಣ. ಅದು ಪ್ರೊಸೆಸರು.”

“ಯಾವುದಾದ್ರೂ ಮಗೂಗೆ ಅದೇ ಬೇಕಿತ್ತೇನೋ. ನಂಗೆ ಲೆಕ್ಕ ಮುಖ್ಯ.”

ಕೊನೆಗೆ ಅವಳು ತನ್ನ ಸ್ವಂತ ಕನ್ನಡಕವನ್ನು ತೆಗೆದು ಬೇರೊಂದು ಡಬ್ಬಿಗೆ ಹಾಕಿ, ಅವನ ಲೆಕ್ಕ ಸರಿಮಾಡಿ, ಐದನೆಯ ಪೆಟ್ಟಿಗೆಯಲ್ಲಿ ಸೊನ್ನೆ-ಸೊನ್ನೆ ಡಬ್ಬಿಯನ್ನು ಹುಡುಕಿಕೊಂಡಳು. ಯಾವುದೋ ಶಾಲೆಯ ಮಗುವೊಂದಕ್ಕೆ ನಲವತ್ತು ದಾಟಿದ ಹೆಂಗಸಿನ ಓದುಗನ್ನಡಕ ಸಿಗಲಿತ್ತು. ಆ ಚಿಂತೆಯನ್ನು ಅವಳು ಸರದಿಯಲ್ಲಿ ಹಿಂದಕ್ಕೆ ನಿಲ್ಲಿಸಿದಳು. ಮುಂದೆ ಇನ್ನೂ ದೊಡ್ಡವಿದ್ದವು.

ಕೋಣೆಗೆ ಬಂದು, ಚಿಲಕ ಹಾಕಿ, ಡಬ್ಬಿ ತೆರೆದಳು. ಎರಡು ಚೌಕಗಳಿಂದ ಇಬ್ಬರು ಸರ್ವರಮ್ಮಂದಿರು ಗಾಬರಿಯಿಂದ ಅವಳನ್ನೇ ನೋಡಿದರು. ಒಂದಕ್ಷರವೂ ಉಳಿದಿರಲಿಲ್ಲ. ಹಳೆಯದು ಯಾವುದು, ಹೊಸದು ಯಾವುದು ಎಂದು ಹೇಳಲು ಯಾವ ಗುರುತೂ ಇರಲಿಲ್ಲ. ಬಾಗಿಲು ತಟ್ಟಿ, ತೆಗೆಸಿಕೊಂಡು ಒಳಬಂದ ಜೋಡಿಮಾಮ ಭೂತಗಾಜು ಹಾಕಿ ಐದು ನಿಮಿಷ ನೋಡಿದ.

“ಈಗ ಮೊದಲಿಗಿಂತ ಚೆನ್ನಾಗಿ ಹೊಂದುತ್ತೆ,” ಎಂದ.

ಅವಳು ಅವನನ್ನು ಹೊರಗೆ ಕಳಿಸಿದಳು.

ಎರಡು ಗಂಟೆಗೆ ಎರಡನ್ನೂ ಕೂರಿಸಿ, ಪೇಸ್ಟು ಹಚ್ಚಿ, ಗೂಡು ಬಿಗಿದು, ತಂತಿ ಸಿಕ್ಕಿಸಿ, ಸ್ವಿಚ್ಚು ಒತ್ತಿದಳು. ಫ್ಯಾನು ತಿರುಗಿತು. ಆಮೇಲೆ ಯಂತ್ರ ಕೂ, ಕೂ, ಕೂ ಎಂದು ಅಳತೊಡಗಿತು. ಬಿಚ್ಚಿ, ಒಂದನ್ನು ಹೊರತೆಗೆದು ಇನ್ನೊಂದನ್ನಷ್ಟೇ ಬಿಟ್ಟು ನೋಡಿದಳು. ಅದೇ ಅಳು. ಅದನ್ನು ತೆಗೆದು, ಮೊದಲು ಹೊರತೆಗೆದಿದ್ದನ್ನು ಅದರ ಜಾಗಕ್ಕೆ ಹಾಕಿದಳು. ಅಳು ನಿಂತಿತು. ಪರದೆಯ ಮೇಲೆ ಸಾಲುಗಳು ಓಡಿದವು.

ಹಾಗಾದರೆ ಒಂದು ಬದುಕಿತ್ತು, ಒಂದು ಗುಳ್ಳೆ ನೀರಿನಲ್ಲೋ ಬಿಸಿಗಾಳಿಯಲ್ಲೋ ಸತ್ತಿತ್ತು. ಸತ್ತದ್ದು ಹಳೆಯದೋ ಹೊಸದೋ ಹೇಳುವವರಿರಲಿಲ್ಲ. ಮಾರಿದವನಿಗೆ ಫೋನ್ ಮಾಡಿದಳು.

“ಅಕ್ಷರ ಇದೆಯಾ ಅಕ್ಕ?”

“ಅಕ್ಷರ… ಸ್ವಲ್ಪ ಹೊಳಪಾಗಿದೆ.”

“ಹೊಳಪಾಗಿದೆ ಅಂದ್ರೆ?”

“ಮುಖ ಕಾಣುತ್ತೆ.”

“ಅದು ನಮ್ಮದಲ್ಲ ಅಕ್ಕ,” ಎಂದು ಅವನು ತುಂಬ ಗೌರವದಿಂದ ಫೋನ್ ಇಟ್ಟುಬಿಟ್ಟ.

ನಾಲ್ಕೂವರೆ. ಅವಳು ಬದುಕಿದ್ದನ್ನು ಭದ್ರಪಡಿಸಿದಳು. ಎರಡನೆಯ ಜಾಗಕ್ಕೆ ಹಳೆಯ ಪ್ಲಾಸ್ಟಿಕ್ ಮುಚ್ಚಳ ಹಾಕಿದಳು. ಹೊಸ ಗೂಡು, ಹೊಸ ಫ್ಯಾನು ಮೇಜಿನ ಮೇಲೆ ಅನಾಥವಾಗಿ ಕೂತಿದ್ದವು. ಗಾಳಿ ಅಡ್ಡಾದಿಡ್ಡಿ ಹೋಗಬಾರದಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅವನ್ನೂ ಆ ಖಾಲಿ ಜಾಗದ ಮೇಲೆ ಬಿಗಿದಳು. ಹೇಳಿಕೊಂಡದ್ದು ಅರ್ಧ ನಿಜ. ಇನ್ನರ್ಧವನ್ನು ಅವಳು ನೋಡದೆ ಬಿಟ್ಟಳು. ಸತ್ತದ್ದನ್ನು ಕನ್ನಡಕದ ಡಬ್ಬಿಗೆ ಹಾಕಿ ಚೀಲಕ್ಕೆ ಇಳಿಸಿದಳು, ಧೂಳಿನ ಗಂಟಿನ ಪಕ್ಕಕ್ಕೆ. ಮಾಲೀಕರು ಬಂದಾಗ ನಿಜ ಹೇಳುವುದೆಂದು ಗಟ್ಟಿ ಮಾಡಿಕೊಂಡಳು. ಮಾತನ್ನು ಎರಡು ಸಲ ಬಾಯಿಪಾಠವೂ ಮಾಡಿದಳು.

ಐದಕ್ಕೆ ಮಾಲೀಕರು ಬಂದರು. ಅವರ ಬೆನ್ನಿಗೆ ಮಾಮ, ಪಾಲಿಶ್ ಅಕ್ಕ, ಪ್ಯಾಕಿಂಗ್ ಚಿಕ್ಕಮ್ಮ, ಪದಬಂಧದವನು. ಬೀರುವಿನಷ್ಟು ಕೋಣೆಗೆ ಆರು ಜನ, ಉಸಿರು ತೆಗೆದುಕೊಳ್ಳಲೂ ಸರದಿ.

ಮಾಲೀಕರು ಯಂತ್ರದೊಳಗೆ ಬಗ್ಗಿ ನೋಡಿದರು. ಎರಡು ಗೂಡು, ಎರಡು ಫ್ಯಾನು, ಗರಗರ ತಿರುಗುತ್ತಿದ್ದವು. “ಎರಡೂ ಕೂತಿವೆಯಾ?”

ಸರ್ವರಮ್ಮ ಬಾಯಿ ತೆರೆದಳು. “ಸಾರ್, ಅದು—”

“ಕೂತಿವೆ ಸಾರ್,” ಎಂದ ಜೋಡಿಮಾಮ. “ನಾನೇ ತಾಳೆ ನೋಡಿದೀನಿ. ಮೂವತ್ತೊಂದು ವರ್ಷದಲ್ಲಿ ಅಂಥ ಜೋಡಿ ನೋಡಿಲ್ಲ.”

“ಪಾಲಿಶ್ ನಂದು,” ಎಂದಳು ಪಾಲಿಶ್ ಅಕ್ಕ.

“ಒಂದು ಲೆಕ್ಕ ಹಾಕಿಸು ನೋಡೋಣ,” ಎಂದರು ಮಾಲೀಕರು, ಕೈಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದು.

ಅವಳು ಒಂದು ಜೋಡಿಯ ನಂಬರು ಕೊಟ್ಟಳು. ಎಂಟು ನಿಮಿಷ ಕಳೆಯುವಷ್ಟರಲ್ಲಿ ಹೇಗೂ ಹೇಳಬೇಕಾಗುತ್ತದೆ, ಆಗ ಹೇಳಿದರಾಯಿತು ಎಂದುಕೊಂಡಳು. ಪದಬಂಧದವನು ಅಭ್ಯಾಸಬಲದಿಂದ ಜೇಬಿನಿಂದ ಪೆನ್ಸಿಲ್ ತೆಗೆದ. ತೆಗೆದು ಮೊದಲ ಮನೆ ತುಂಬುವ ಮೊದಲೇ ಹಜಾರದಲ್ಲಿ ಅವನ ಯಂತ್ರ ಗುರ್ರೆಂದು ಅರೆಯಲು ಶುರುವಾಯಿತು.

“ಒಂದು ನಿಮಿಷ ಇಪ್ಪತ್ತು ಸೆಕೆಂಡು,” ಎಂದರು ಮಾಲೀಕರು.

ಇನ್ನೊಂದು ಕೊಟ್ಟಳು. ಒಂದು ನಿಮಿಷ ಹದಿನೆಂಟು. ಎಲ್ಲರೂ ಚಪ್ಪಾಳೆ ತಟ್ಟಿದರು, ಕೈ ಆಡಿಸಲು ಜಾಗವಿಲ್ಲದೆ ಒಬ್ಬರ ಕೈ ಇನ್ನೊಬ್ಬರ ಕೈಗೆ. ಸರ್ವರಮ್ಮ ಮಾತ್ರ ಪರದೆಯ ಮೂಲೆಯನ್ನೇ ನೋಡುತ್ತಿದ್ದಳು. ಅಲ್ಲಿ ಯಂತ್ರದ ಶಾಖ ತೋರಿಸುವ ಅಂಕಿಯಿತ್ತು. ವರ್ಷಗಳಿಂದ ಅದು ಕೆಂಪಾಗಿರುತ್ತಿತ್ತು. ಅದರ ಬಣ್ಣವೇ ಕೆಂಪು ಎಂದು ಅವಳು ತಿಳಿದಿದ್ದಳು. ಈಗ ಹಸಿರಾಗಿತ್ತು.

ಆಗ ಅವಳಿಗೆ ಎಲ್ಲ ಹೊಳೆಯಿತು. ಯಂತ್ರಕ್ಕೆ ಮುಪ್ಪೂ ಬಂದಿರಲಿಲ್ಲ, ಒಂಟಿತನವೂ ಕಾಡಿರಲಿಲ್ಲ. ಕಂಬಳಿ ಹೊದ್ದು, ಒಣಗಿದ ಪೇಸ್ಟಿನ ಕೆಳಗೆ, ಜ್ವರದಲ್ಲಿ ಬೇಯುತ್ತಿತ್ತು. ಬೆಂದು ಹೋಗದಿರಲೆಂದು ತಾನೇ ನಿಧಾನ ಮಾಡಿಕೊಳ್ಳುತ್ತಿತ್ತು. ಒಂದು ಬ್ರಷ್ಷು, ಒಂದು ಚಿಟಿಕೆ ಪೇಸ್ಟು, ಅರ್ಧ ಗಂಟೆ. ಜೋಡಿ ಎಂದೂ ಬೇಕಿರಲಿಲ್ಲ. ದಿಂಬಿನ ಕೆಳಗಿನ ಆ ‘ಟಿಣ್’ ಇಷ್ಟು ದಿನ ಅದನ್ನೇ ಹೇಳಲು ಹವಣಿಸುತ್ತಿತ್ತು.

“ಭೇಷ್,” ಎಂದರು ಮಾಲೀಕರು. “ಇನ್ನು ಹೊರಗಿನ ಕಂಪನಿ ಮಾತೇ ಬೇಡ. ಇದು ಇಲ್ಲೇ ಇರಲಿ.”

ಸರ್ವರಮ್ಮನ ಹೆಗಲು ಮೂರು ವಾರದಲ್ಲಿ ಮೊದಲ ಸಲ ಕೆಳಗಿಳಿಯಿತು. ಬಾಗಿಲು ಉಳಿಯಿತು. ಅವಳು ಚಿಲಕವನ್ನು ಪ್ರೀತಿಯಿಂದ ನೋಡಿದಳು.

ದಿನವಿಡೀ ಕಾದಿದ್ದ ನಂಬರುಗಳನ್ನೆಲ್ಲ ಸರ್ವರಿಗೆ ಕೊಟ್ಟಳು; ಹೊರಗೆ ಸಾಲಿನ ಉಳಿದವರು ಟ್ರೇ ತಳ್ಳುತ್ತಿದ್ದರು. ಒಳಗೆ ಹೊಗಳಿಕೆ ಮುಗಿಯದೆ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹಜಾರದಿಂದ ಏನೋ ದಬದಬನೆ ಬಿದ್ದ ಸದ್ದಾಯಿತು. ಚಿಕ್ಕಮ್ಮ ಹೋಗಿ ನೋಡಿ ಬಂದಳು. ಒಂದೂಕಾಲು ನಿಮಿಷಕ್ಕೆ ಒಂದರಂತೆ ಬಂದ ಟ್ರೇಗಳು ಪ್ಯಾಕಿಂಗ್ ಮೇಜಿನ ತುದಿಯಲ್ಲಿ ಗುಡ್ಡೆಬಿದ್ದು, ಮೇಲಿನವು ನೆಲಕ್ಕೆ ಇಳಿದಿದ್ದವು.

“ನನಗಿರೋದು ಎರಡು ಕೈ ಸಾರ್,” ಎಂದಳು. “ನಾಳೆ ದಿನವಿಡೀ ಹೀಗೇ ಬಂದ್ರೆ ನಾನೂ ಡಬ್ಬಿ ಒಳಗೆ ಹೋಗ್ತೀನಿ.”

ಮಾಲೀಕರು ಗದ್ದ ಕೆರೆದುಕೊಂಡರು. ಯಂತ್ರ ನೋಡಿದರು, ಸರ್ವರಮ್ಮನನ್ನು ನೋಡಿದರು, ಮತ್ತೆ ಯಂತ್ರ ನೋಡಿದರು.

“ಮೊದಲು ಒಂದೇ ಇತ್ತು, ಕೈಕೊಟ್ರೆ ಅಂತ ಯಾರಾದ್ರೂ ಕಾಯ್ತಾ ಕೂರಬೇಕಿತ್ತು. ಈಗ ಎರಡಿವೆ. ಒಂದು ಮಲಗಿದ್ರೆ ಇನ್ನೊಂದು ನೋಡ್ಕೊಳ್ಳುತ್ತೆ, ಅಲ್ವೇನಮ್ಮ?” ಎಂದರು. ದನಿ ಮೆತ್ತಗಾಗಿತ್ತು. “ಇನ್ನು ಇದಕ್ಕೆ ಕಾವಲು ಬೇಡ. ನೀನು ನಾಳೆಯಿಂದ ಪ್ಯಾಕಿಂಗ್ ಮೇಜಿಗೆ ಬಾ. ನೀನೇ ಮಾಡಿದ ವೇಗ, ನೀನೇ ಸಂಭಾಳಿಸು. ಹಾಂ, ಈ ಬಾಗಿಲನ್ನೂ ಕಳಚಿಸಿಬಿಡ್ತೀನಿ. ಇಬ್ಬರಿದ್ದಾರೆ ಒಳಗೆ, ಗಾಳಿ ಆಡಲಿ.”

ಸರ್ವರಮ್ಮ ಮತ್ತೆ ಬಾಯಿ ತೆರೆದಳು. ಬಾಯಿಪಾಠ ಮಾಡಿದ್ದ ಮಾತು ನಾಲಗೆಯ ತುದಿಗೇ ಬಂದಿತ್ತು: ಸಾರ್, ಒಳಗಿರೋದು ಒಂದೇ. ಆಗ ಅವರು ಕೇಳುತ್ತಾರೆ, ಒಂದೇ ಆದರೆ ಇಷ್ಟು ಬೇಗ ಹೇಗೆ? ಧೂಳು ತೆಗೆದೆ ಸಾರ್. ಎಷ್ಟು ವರ್ಷದ ಧೂಳು? ತೆಗೆಯಬೇಕಾದವರು ಯಾರು? ಹಾಗಾದರೆ ಮೂರು ವಾರ ಹುಡುಕಿ ತಂದದ್ದು ಏನು, ಎಲ್ಲಿದೆ? ಆ ದಾರಿಯಲ್ಲಿ ಅವಳು ಮನಸ್ಸಿನಲ್ಲೇ ಕೊನೆಯವರೆಗೆ ನಡೆದು ನೋಡಿದಳು. ಕೊನೆಯಲ್ಲಿ ಅದೇ ಸ್ಟೂಲು ಇತ್ತು, ಕಾಲಿನ ಕೆಳಗೆ ಕಾಗದ ಮಡಚಿಟ್ಟು.

“ಆಗಲಿ ಸಾರ್,” ಎಂದಳು.

“ದೊಡ್ಡ ಮನಸ್ಸು,” ಎಂದ ಜೋಡಿಮಾಮ, ಕಣ್ಣೊರೆಸಿಕೊಂಡು.

ಸಂಜೆ ಮನೆ ಸೇರಿದಾಗ ಗಂಡ ಕೇಳಿದ, “ಏನಂತೆ ನಿನ್ನ ಸರ್ವರು?”

“ಹುಷಾರಾಗಿದೆಯಂತೆ.”

“ಮತ್ತೆ ನಿನ್ನ ಮುಖ ಯಾಕೆ ಹೀಗಿದೆ? ಕನ್ನಡಕ ಎಲ್ಲಿ?”

“ಡಬ್ಬೀಲಿದ್ಯಲ್ಲ,” ಎಂದರು ಅತ್ತೆ. ಅವರು ಆಗಲೇ ಅವಳ ಚೀಲದಿಂದ ಡಬ್ಬಿ ತೆಗೆದು, ಹೊಳೆಯುವ ಚೌಕವನ್ನು ಎತ್ತಿ ಹಿಡಿದು, ಅದರಲ್ಲಿ ತಮ್ಮ ಕೋರೆಹಲ್ಲು ನೋಡಿಕೊಳ್ಳುತ್ತಿದ್ದರು. “ಒಳ್ಳೇ ಕನ್ನಡಿ ಕಣೆ. ಏನಿದು? ಆಪರೇಷನ್ ಏನಾಯ್ತು?”

ಅವಳು ಅದನ್ನು ಮೆಲ್ಲಗೆ ಅವರ ಕೈಯಿಂದ ತೆಗೆದುಕೊಂಡು ಬಚ್ಚಲಿಗೆ ಹೋದಳು. ಸಡಿಲ ಚಿಲಕವನ್ನು ಎಷ್ಟು ಬಿಗಿಯುತ್ತದೋ ಅಷ್ಟು ಬಿಗಿದು, ನೀರಿನ ನಲ್ಲಿ ಬಿಟ್ಟು, ಅಂಗೈ ಮೇಲಿನ ಚೌಕವನ್ನು ನೋಡಿದಳು. ಅಕ್ಷರವಿಲ್ಲ, ಗುರುತಿಲ್ಲ, ಅವಳ ಮುಖವಷ್ಟೇ ಇತ್ತು. ಗಂಡನಿಗೆ ಹೇಳಿದರೆ ನಗುತ್ತಾನೆ. ಅತ್ತೆಗೆ ಹೇಳಿದರೆ ಬೀದಿಗೆ ತಿಳಿಯುತ್ತದೆ. ಜೋಡಿಮಾಮನಿಗೆ ಹೇಳಿದರೆ, ಒಳಗೆ ಒಂದೇ ಇದೆ ಎಂಬ ದುಃಖಕ್ಕೆ ಅವನು ಊಟ ಬಿಡುತ್ತಾನೆ. ಧೂಳಿನ ಗಂಟು ಇನ್ನೂ ಚೀಲದ ತಳದಲ್ಲಿತ್ತು.

“ಒಳಗೆ ಯಾರು?” ಎಂದು ಮಗಳು ಬಾಗಿಲು ತಟ್ಟಿದಳು.

ಸರ್ವರಮ್ಮ ಉತ್ತರಕ್ಕೆ ಬದಲು ಹಾಡಲು ಶುರುಮಾಡಿದಳು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ, ನಡೆದದ್ದನ್ನು ಯಾರಿಗೂ, ಎಂದೂ ಹೇಳುವುದಿಲ್ಲವೆಂದು ನಿರ್ಧರಿಸಿಯಾಗಿತ್ತು.